ಗ್ರಾಂ ಲೆಕ್ಕದ ಕಿರ್ದಿ: ಏರೋನಾಟಿಕಲ್ ವಿದ್ಯಾರ್ಥಿಗಳಿಗೆ ಮ್ಯಾನೇಜ್‌ಮೆಂಟ್ ಕಲಿಸಿದ ನನ್ನ ಅನುಭವ

ಈ ವರ್ಷದ ಫೆಬ್ರುವರಿಯಲ್ಲಿ, ಅಣ್ಣಿಗೇರಿ ಕಡೆಯ ಒಂದು ಹೊಲದಲ್ಲಿ ಕಡಲೆ ಕಿತ್ತು ನೆಲ ಖಾಲಿಯಾದ ಮೇಲೆ, ನಮ್ಮ ಹನ್ನೊಂದು ವಿದ್ಯಾರ್ಥಿಗಳ ತಂಡ ಕಟ್ಟಿದ ರೇಡಿಯೋ ನಿಯಂತ್ರಿತ ವಿಮಾನ ಮೊದಲ ಪ್ರಯತ್ನದಲ್ಲೇ ನೆಲ ಬಿಟ್ಟಿತು. ತೂಕದ ಗುರಿ 1.8 ಕೆ.ಜಿ. ಇತ್ತು, ತೂಗಿದ್ದು 1.79. ನಿಗದಿಯಾದ ದಿನಕ್ಕಿಂತ ಒಂಬತ್ತು ದಿನ ಮೊದಲೇ ಕೆಲಸ ಮುಗಿದಿತ್ತು, ಕೈಯಲ್ಲಿ ಇನ್ನೂ ಎಂಟುನೂರು ರೂಪಾಯಿ ಉಳಿದಿತ್ತು. ಹುಬ್ಬಳ್ಳಿಯಲ್ಲಿ ಐದನೆಯ ಸೆಮಿಸ್ಟರಿನ ಏರೋನಾಟಿಕಲ್ ವಿದ್ಯಾರ್ಥಿಗಳಿಗೆ ನಾನು ಏಳು ವರ್ಷಗಳಿಂದ ಮ್ಯಾನೇಜ್‌ಮೆಂಟ್ ವಿಷಯ ಕಲಿಸುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಫಲ ಸಿಗಲಿಲ್ಲ. ಕಳೆದ ಮೂರು ಬ್ಯಾಚುಗಳಲ್ಲಿ ಸಿಕ್ಕಿದೆ. ವಿಮಾನದ ಗ್ರಾಂ ಮತ್ತು ರೂಪಾಯಿ ಎರಡನ್ನೂ ಒಂದೇ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ವಿದ್ಯಾರ್ಥಿಗಳಿಂದಲೇ ಬರೆಸುವ ಈ ಕ್ರಮವನ್ನು ಸ್ಟಾಫ್ ರೂಮಿನಲ್ಲಿ ಮೊದಲು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಸಿಲಬಸ್ ಮುಗಿಸ್ರಿ ಸಾಕು, ಏರೋ ಹುಡುಗರಿಗೆ ಈ ಅಂಗಡಿ ಲೆಕ್ಕ ಯಾಕ್ ಬೇಕ್ರಿ?" ಎಂದಿದ್ದರು. ಅವರಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ.

ಮೊದಲ ಎರಡು ವರ್ಷ ಎಲ್ಲರಂತೆ ನಾನೂ ಆಡಳಿತದ ಬಗ್ಗೆ ಫಯೋಲ ಹೇಳಿದ ಹದಿನಾಲ್ಕು ತತ್ವಗಳು, ಮನುಷ್ಯನ ಅಗತ್ಯಗಳ ಬಗ್ಗೆ ಮ್ಯಾಸ್ಲೋ ಹೇಳಿದ್ದು, ಯಾವ ಕೆಲಸ ಯಾವಾಗ ಆಗಬೇಕು ಎಂದು ತೋರಿಸುವ ಪರ್ಟ್ ಚಾರ್ಟ್ ಎಂದು ಬೋರ್ಡು ತುಂಬಿಸಿದೆ. ಪರ್ಟ್ ಹುಟ್ಟಿದ್ದೇ 1950ರ ದಶಕದ ಕೊನೆಯಲ್ಲಿ, ಅಮೆರಿಕ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ. ಅಂದರೆ ಅದು ನಮ್ಮ ಕ್ಷೇತ್ರದ ಮನೆಯ ಕೂಸೇ. ಆದರೂ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಅಂಕ ತೆಗೆದ ಹುಡುಗ ತನ್ನದೇ ಪ್ರಾಜೆಕ್ಟಿಗೆ ರೆಕ್ಕೆ-ಬಾಲದ ಪಟ್ಟಿಗಳನ್ನು ಅಲುಗಿಸುವ ಸರ್ವೋ ಮೋಟರನ್ನು ಯಾವ ವಾರ ತರಿಸಬೇಕು ಎಂದು ಹೇಳಲಾರದೆ ನಿಲ್ಲುತ್ತಿದ್ದ. ಮೂರನೆಯ ವರ್ಷ ಹೊರಗಿನಿಂದ ಉಪನ್ಯಾಸಕರನ್ನು ಕರೆಸಿ, ಗೌರವಧನ ಮತ್ತು ಪ್ರಯಾಣಕ್ಕೆ ಹದಿನೆಂಟು ಸಾವಿರದಷ್ಟು ಖರ್ಚು ಮಾಡಿದೆವು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿ ಎದ್ದು ಹೋದರು, ಮರುದಿನ ಏನೂ ಉಳಿದಿರಲಿಲ್ಲ.

ನಾಲ್ಕನೆಯ ವರ್ಷ ನಲವತ್ತು ಜನರನ್ನು ಸೇರಿಸಿ ಒಂದೇ ವಿಮಾನ ಕಟ್ಟಿಸಿದೆ. ಖರ್ಚು ಸುಮಾರು ನಲವತ್ತೆರಡು ಸಾವಿರ ರೂಪಾಯಿ, ಅದರಲ್ಲಿ ಹದಿನೈದು ಸಾವಿರ ನನ್ನದು. 1.8 ಕೆ.ಜಿ. ಆಗಬೇಕಾದ ವಿಮಾನ 2.6 ಆಯಿತು. ಯಾರೂ ಸೋಮಾರಿತನ ಮಾಡಿರಲಿಲ್ಲ. ಪ್ರತಿಯೊಂದು ಗುಂಪೂ ತನ್ನ ಭಾಗ ಮುರಿಯಬಾರದು ಎಂದು ಒಂದಿಷ್ಟು ಹೆಚ್ಚು ಗಟ್ಟಿ ಮಾಡಿತ್ತು. ರೆಕ್ಕೆಯ ಗುಂಪು ಎಪಾಕ್ಸಿ ಅಂಟನ್ನು ಹಚ್ಚುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಬಾಲ್ಸಾ ಎಂಬ ಹಗುರ ಮರದ ಪಕ್ಕೆಲುಬುಗಳ ಕೀಲಿನಲ್ಲಿ ಅಂಟು ಉಕ್ಕಿ ಬಂದು ಹನಿಗಟ್ಟಿತ್ತು, ಹುಡುಗಿಯೊಬ್ಬಳು ಅದನ್ನು ಒರೆಸದೆ ಇನ್ನೊಂದು ಪದರ ಬಳಿದಳು. ಅಂಟಿಗೆ ಮೊದಲು ಒಂದು ಬದಿಯ ರೆಕ್ಕೆ ಇನ್ನೂರಹತ್ತು ಗ್ರಾಮಿನಷ್ಟಿತ್ತು, ಒಣಗಿದ ಮೇಲೆ ಇನ್ನೂರೈವತ್ತು. ಬಾಲದವರೂ ಹಾಗೆಯೇ ಮಾಡಿದ್ದರಿಂದ ಗುರುತ್ವ ಕೇಂದ್ರ, ಅಂದರೆ ಇಡೀ ತೂಕ ಸಮತೂಗುವ ಬಿಂದು, ನಾಲ್ಕು ಸೆಂಟಿಮೀಟರ್ ಹಿಂದಕ್ಕೆ ಸರಿಯಿತು. ಕೊನೆಯ ರಾತ್ರಿ ಗೋಕುಲ ರಸ್ತೆಯ ಟಯರ್ ಅಂಗಡಿಯಿಂದ, ಚಕ್ರ ಬ್ಯಾಲೆನ್ಸ್ ಮಾಡುವ ಸೀಸದ ತುಂಡುಗಳನ್ನು ತಂದು ಮೂಗಿಗೆ ಅಂಟಿಸಿದೆವು. ವಿಮಾನ ಅರವತ್ತು ಮೀಟರ್ ಓಡಿ, ಏಳದೆ, ಬದುವಿಗೆ ಬಡಿದು ಮೂಗು ಮುರಿದುಕೊಂಡಿತು.

ಮರುದಿನ ಆಡಳಿತದವರ ಮುಂದೆ ಯಾರು ಉತ್ತರಿಸಬೇಕು ಎಂಬ ಪ್ರಶ್ನೆ ಬಂದಾಗ ನನಗೆ ನೆನಪಾದದ್ದು ಉಪಗ್ರಹ ಹಾರಿಸುವ ಇಸ್ರೋ ರಾಕೆಟ್ ಎಸ್‌ಎಲ್‌ವಿ-3. 1979ರ ಆಗಸ್ಟ್ 10ರಂದು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟು ಆ ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರನ್ನು ಎದುರಿಸಿದವರು ಇಸ್ರೋ ಅಧ್ಯಕ್ಷರಾಗಿದ್ದ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿ ನಡೆಸಲು ಅವರು ಮುಂದೆ ಕಳಿಸಿದ್ದು ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು. ಇದನ್ನು ನಾನು ತರಗತಿಯಲ್ಲಿ ಹೇಳಿದ್ದೆ, ಈಗ ಪಾಲಿಸಬೇಕಿತ್ತು. ನಾನೇ ಹೋಗಿ ಮಾತು ಕೇಳಿಸಿಕೊಂಡೆ. ಮುಂದಿನ ವರ್ಷಕ್ಕೆ ಅನುದಾನ ಇಲ್ಲ ಎಂದರು. ಆದರೆ ಹುಡುಗರು ಅಂದು ಸಂಜೆ ತಾವಾಗಿಯೇ ಬಂದು ಮುರಿದ ವಿಮಾನದ ಪ್ರತಿಯೊಂದು ತುಂಡನ್ನೂ ತೂಗಿ ಬರೆಯಲು ಕುಳಿತರು. ಕಿರ್ದಿಯ ಯೋಚನೆ ಹುಟ್ಟಿದ್ದು ಆ ರಾತ್ರಿ.

ಕ್ರಮ ಹೀಗಿದೆ. ಹನ್ನೆರಡಕ್ಕಿಂತ ಹೆಚ್ಚು ಜನರಿಲ್ಲದ ತಂಡ, ತಂಡಕ್ಕೆ ಹನ್ನೊಂದು ಸಾವಿರ ರೂಪಾಯಿ. ರೆಕ್ಕೆ, ಬಾಲ, ಒಡಲು, ವಿದ್ಯುತ್ ಭಾಗ ಎಂಬ ನಾಲ್ಕು ಗುಂಪುಗಳಿಗೆ ಮೊದಲ ವಾರವೇ ಗ್ರಾಂ ಮತ್ತು ರೂಪಾಯಿ ಎರಡನ್ನೂ ಹಂಚುತ್ತೇನೆ. ಶೇ. 10ರಷ್ಟು ತೂಕ ಟೀಮ್ ಲೀಡರ್ ಕೈಯಲ್ಲಿ ಮೀಸಲು. ಒಂದು ಗುಂಪಿಗೆ ಗ್ರಾಂ ಸಾಲದಿದ್ದರೆ ಇನ್ನೊಂದು ಗುಂಪಿನಿಂದ ಹಣ ಕೊಟ್ಟು ಕೊಳ್ಳಬಹುದು. ಎಲ್ಲವನ್ನೂ ಅಂಗಡಿಯ ಕಿರ್ದಿಯಂತೆ ಒಂದೇ ಪುಸ್ತಕದಲ್ಲಿ, ದಿನಾಂಕ ಹಾಕಿ, ಇಬ್ಬರ ಸಹಿಯೊಂದಿಗೆ ಬರೆಯಬೇಕು. ಕಂಪ್ಯೂಟರಿನಲ್ಲಿ ಬರೆಯಲು ನಾನು ಬಿಡುವುದಿಲ್ಲ, ಅಲ್ಲಿ ಹಳೆಯ ಅಂಕಿ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಮೊದಲ ಸಲ ಇದೂ ಕೆಟ್ಟಿತು. ಬಾಲದ ಗುಂಪಿನವರು ತಮ್ಮ ಗ್ರಾಂಗಳನ್ನು ಕೂಡಿಟ್ಟು ಕೊನೆಯ ವಾರದಲ್ಲಿ ದರ ಏರಿಸಿದರು. ರೆಕ್ಕೆಯವರು ಇಪ್ಪತ್ತೈದು ಗ್ರಾಮಿಗೆ ಮುನ್ನೂರು ರೂಪಾಯಿ ತೆತ್ತರು. ಇದಕ್ಕೆ ಪರಿಹಾರವಾಗಿ, ಪ್ರತಿ ಶುಕ್ರವಾರ ಸಂಜೆ ಬಳಸದೆ ಉಳಿದ ಹೆಚ್ಚುವರಿ ಗ್ರಾಮಿನಲ್ಲಿ ಅರ್ಧ ಮೀಸಲಿಗೆ ವಾಪಸು ಎಂಬ ನಿಯಮ ತಂದೆ. ಅದಕ್ಕಿಂತ ದೊಡ್ಡ ತಿದ್ದುಪಡಿ ಬಂದದ್ದು ಒಬ್ಬ ವಿದ್ಯಾರ್ಥಿಯಿಂದ. ಅವನ ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು. "ಸರ್, ಡಬ್ಬಿ ಕಾಯಿಗೂ ಕಡ್ಡಿ ಕಾಯಿಗೂ ಒಂದ ರೇಟ್ ಇರೂದಿಲ್ರಿ. ಬಾಲದ ಗ್ರಾಮಿಗೂ ಮೂಗಿನ ಗ್ರಾಮಿಗೂ ಒಂದ ರೇಟ್ ಯಾಕ್ರಿ?" ಎಂದು ಕೇಳಿದ. ನಮ್ಮ ವಿಮಾನದಲ್ಲಿ ಬಾಲ ಗುರುತ್ವ ಕೇಂದ್ರದಿಂದ ಎಪ್ಪತ್ತು ಸೆಂಟಿಮೀಟರ್ ಹಿಂದೆ, ಮೋಟರ್ ಇಪ್ಪತ್ತಮೂರು ಸೆಂಟಿಮೀಟರ್ ಮುಂದೆ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಿದರೆ ಮೂಗಿನಲ್ಲಿ ಮೂರು ಗ್ರಾಂ ಹಾಕಿ ಸರಿದೂಗಿಸಬೇಕು. ಅಂದಿನಿಂದ ಗ್ರಾಮಿನ ದರವನ್ನು ದೂರದ ಲೆಕ್ಕದಲ್ಲೇ ಕಟ್ಟುತ್ತೇವೆ. ಆ ವರ್ಷ ವಿಮಾನ 1.9 ಕೆ.ಜಿ.ಗೆ ಇಳಿಯಿತು, ಹಾರಿತು ಕೂಡ. ಇಷ್ಟು ಚೊಕ್ಕವಾಗಿ ವಾಯುಯಾನ ಶಾಸ್ತ್ರವನ್ನೂ ಹಣದ ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಪಾಠವನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೆಯ ಅಂಗ, ರಜೆ. ಆರನೆಯ ವಾರದ ಸುಮಾರಿಗೆ ಒಬ್ಬ ಮುಖ್ಯ ವ್ಯಕ್ತಿಯನ್ನು ಒಂದು ವಾರ ತಂಡದಿಂದ ಹೊರಗಿಡುತ್ತೇನೆ. ಅವನಿಗೆ ಫೋನ್ ಮಾಡುವಂತಿಲ್ಲ, ಹಾಸ್ಟೆಲ್ಲಿನಲ್ಲಿ ಕೇಳುವಂತಿಲ್ಲ. ಬರೆದಿಟ್ಟದ್ದನ್ನು ಓದಿಕೊಂಡೇ ಕೆಲಸ ನಡೆಯಬೇಕು. ಮೊದಲ ಬ್ಯಾಚಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸರ್ವೋ, ಬ್ಯಾಟರಿ ತರಿಸಿದ ಬಿಲ್ಲು ಎಲ್ಲಿದೆ ಎಂದು ಯಾರಿಗೂ ಗೊತ್ತಾಗದೆ, ಅದೇ ಸಾಮಾನನ್ನು ಮತ್ತೊಮ್ಮೆ ತರಿಸಿ ಎರಡು ಸಾವಿರದ ಏಳುನೂರು ರೂಪಾಯಿ ಕಳೆದುಕೊಂಡರು. ಅಂದಿನಿಂದ ಪುಸ್ತಕ ತಾನಾಗಿಯೇ ಅಚ್ಚುಕಟ್ಟಾಯಿತು. ಯಾರನ್ನು ಯಾವ ದಿನ ರಜೆಗೆ ಕಳಿಸಬೇಕು ಎಂಬುದನ್ನು ನಾನು ಹೇಗೆ ನಿರ್ಧರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ. ಎಂಟನೆಯ ವಾರ ನಾನು ಕೊಡುವ ಮುಚ್ಚಿದ ಲಕೋಟೆಯ ವಿಷಯವೂ ಅಷ್ಟೆ.

ನಡುವೆ ಎರಡು ಪ್ರಯೋಗ ಮಾಡಿದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ 73 ಸೆಕೆಂಡುಗಳಲ್ಲಿ ಏಳು ಜನರೊಂದಿಗೆ ನಾಶವಾದ ಪ್ರಕರಣದ ಓ-ರಿಂಗ್ (ರಾಕೆಟ್ಟಿನ ಕೀಲು ಮುಚ್ಚುವ, ಚಳಿಗೆ ಪೆಡಸಾಗುವ ರಬ್ಬರ್ ಉಂಗುರ) ಅಂಕಿಗಳನ್ನು ಬೋರ್‌ವೆಲ್ ಪಂಪಿನ ವಾಷರ್ ಕಥೆಯಾಗಿ ವೇಷ ಬದಲಿಸಿ ಆರು ಗುಂಪುಗಳಿಗೆ ಕೊಟ್ಟೆ. ಐದು ಗುಂಪುಗಳು ಚಳಿಯಲ್ಲಿ ಪಂಪು ಚಾಲೂ ಮಾಡಲು ಒಪ್ಪಿದವು. ಉಡಾವಣೆಯ ಹಿಂದಿನ ರಾತ್ರಿ ನಡೆದಂತೆಯೇ, ಅವರೂ ಹಾನಿಯಾದ ಸಲದ ಅಂಕಿಗಳನ್ನು ಮಾತ್ರ ನೋಡಿದ್ದರು; ಹಾನಿಯಾಗದ ಸಲ ಎಷ್ಟು ಸೆಕೆ ಇತ್ತು ಎಂದು ಕೇಳಿದ್ದು ಒಂದೇ ಗುಂಪು. ಎಂಜಿನಿಯರುಗಳು ಉಡಾವಣೆ ಬೇಡವೆಂದರೂ, ಎಂಜಿನಿಯರಿನ ಟೋಪಿ ತೆಗೆದು ಮ್ಯಾನೇಜರಿನ ಟೋಪಿ ಹಾಕಿಕೊಳ್ಳಲು ಅಂದು ಒಬ್ಬ ಹಿರಿಯ ಅಧಿಕಾರಿಗೆ ಹೇಳಲಾಗಿತ್ತು ಎಂದು ನಾನು ತಿಳಿಸಿದಾಗ ತರಗತಿ ತುಂಬಾ ಹೊತ್ತು ಮೌನವಾಗಿತ್ತು. ಎರಡು ಟೋಪಿಯನ್ನೂ ಒಟ್ಟಿಗೆ ಧರಿಸುವವರು ಬೇಕೆಂದೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಇನ್ನೊಂದು ಪ್ರಯೋಗಕ್ಕೆ ಬಸ್ಸಿನ ಖರ್ಚು ಮಾತ್ರ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ನಮ್ಮೂರಿನವರಿಗೆಲ್ಲ ಗೊತ್ತು. ಅಲ್ಲಿ ಅಕ್ಕಂದಿರು ಚಕ್ರದ ಅಚ್ಚು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಅಳತೆ, ಬಣ್ಣ, ನೂಲು, ಹೊಲಿಗೆ ಯಾವುದರಲ್ಲಿ ದೋಷ ಕಂಡರೂ ಆ ಧ್ವಜ ಹೊರಗೆ ಹೋಗುವುದಿಲ್ಲ. ವಿಮಾನದ ಬಿಡಿಭಾಗಗಳಿಗೆ ಎಎಸ್9100 ಎಂಬ ಗುಣಮಟ್ಟದ ಮಾನದಂಡ ಕೇಳುವ ಶಿಸ್ತನ್ನು ಅರ್ಥ ಮಾಡಿಸಲು ಹಿಂದೆ ನನಗೆ ಮೂರು ತರಗತಿ ಬೇಕಾಗುತ್ತಿತ್ತು, ಅಂದು ಅರ್ಧ ಗಂಟೆ ಸಾಕಾಯಿತು. ತಂಡದವರು ಮರಳಿ ಬಂದು, ತಿರಸ್ಕರಿಸಿದ ಭಾಗಗಳಿಗೆಂದೇ ಒಂದು ಕೆಂಪು ಡಬ್ಬಿ ಇಟ್ಟರು.

ಹಾರಾಟದ ದಿನವನ್ನು ಗೊತ್ತು ಮಾಡುವುದೂ ಅವರದೇ ಹೊಣೆ. 2021ರ ಡ್ರೋನ್ ನಿಯಮಗಳನ್ನು ಓದಿ, ನಕ್ಷೆ ನೋಡಿ, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಸಾಕಷ್ಟು ದೂರದ ಜಾಗ ಹುಡುಕಬೇಕು, ಹೊಲದವರ ಒಪ್ಪಿಗೆ ಪಡೆಯಬೇಕು. ಒಂದು ವರ್ಷ ಅಕ್ಟೋಬರಿನಲ್ಲಿ ಹಟ ಹಿಡಿದು ಹೋದರು. ಹಿಂದಿನ ರಾತ್ರಿ ಮಳೆಯಾಗಿ ಎರೆಮಣ್ಣು ಚಕ್ರಕ್ಕೆ ಮೆತ್ತಿ, ಮೂರು ಇಂಚಿನ ಚಕ್ರ ಐದು ಇಂಚಾಗಿತ್ತು. ಗಾಡಿ ಬಾಡಿಗೆ ಎರಡೂವರೆ ಸಾವಿರ ದಂಡವಾಯಿತು. ಈಗ ಐದನೆಯ ಸೆಮಿಸ್ಟರಿನಲ್ಲಿ ಕಟ್ಟಿ, ಹಿಂಗಾರಿ ಕಡಲೆ ಕಿತ್ತ ಮೇಲೆ ಆರನೆಯದರಲ್ಲಿ ಹಾರಿಸುತ್ತೇವೆ.

ಹಿಂದಿನ ಬ್ಯಾಚಿನ ಇಬ್ಬರಿಗೆ ಬೆಳಗಾವಿ ಕಡೆಯ ವಿಮಾನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನಕ್ಕೆ ಕಿರ್ದಿಯನ್ನೇ ಒಯ್ದಿದ್ದರಂತೆ, ಮಾತೆಲ್ಲ ಅದರ ಮೇಲೆಯೇ ನಡೆಯಿತಂತೆ. ಈ ವರ್ಷ ವಿಮಾನ ಹಾರಿದ ದಿನ ಆಡಳಿತದವರು ವಿವರ ಕೇಳಿದಾಗ ನಾನು ಹಿಂದೆ ನಿಂತು, ಟೀಮ್ ಲೀಡರ್ ಆಗಿದ್ದ ಹುಡುಗಿಯನ್ನು ಮುಂದೆ ಕಳಿಸಿದೆ. ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ಅನುದಾನ ಮತ್ತೆ ಮಂಜೂರಾಗಿದೆ.

ಮಾಡಿ ನೋಡುವವರು ಒಂದೇ ತಂಡದಿಂದ ಆರಂಭಿಸಲಿ, ಒಂದು ಗ್ರಾಂ ವ್ಯತ್ಯಾಸವನ್ನು ಸರಿಯಾಗಿ ತೋರಿಸುವ ತಕ್ಕಡಿಯನ್ನೇ ಕೊಳ್ಳಲಿ. ನಾನು ಮೊದಲು ತಂದ ಅಗ್ಗದ ತಕ್ಕಡಿ ಸೆಕೆಯಲ್ಲಿ ಒಂದು, ಫ್ಯಾನಿನ ಕೆಳಗೆ ಒಂದು ತೂಕ ತೋರಿಸಿ ಎರಡು ಗುಂಪುಗಳ ನಡುವೆ ಜಗಳ ಹಚ್ಚಿತ್ತು. ಆಗಸ್ಟ್‌ನಲ್ಲಿ ಬರುವ ಬ್ಯಾಚಿಗೆ ಇನ್ನೂರು ಪುಟದ ಹೊಸ ಕಿರ್ದಿ ಪುಸ್ತಕಗಳನ್ನು ದುರ್ಗದಬೈಲಿನಿಂದ ಈಗಾಗಲೇ ತಂದಿಟ್ಟಿದ್ದೇನೆ.