ಗೋಣಿಚೀಲದ ಮೇಲೂ ಗುರುತು ಸಿಗುವ ಲೋಗೊ

ಮಲೆನಾಡಿನ ಅಂಗಡಿಗೊಂದು ಲೋಗೊ ಎಂದ ಕೂಡಲೇ ಕೈ ಹೋಗುವುದು ಜೋಗ, ಅಡಿಕೆಮರ, ಬೆಟ್ಟದ ಹಿಂದಿನ ಸೂರ್ಯ, ಈ ಮೂರರ ಕಡೆಗೆ. ಚಿತ್ರಗಳಲ್ಲಿ ತಪ್ಪಿಲ್ಲ, ಪಕ್ಕದ ಅಂಗಡಿಯವರಿಗೂ ಅವೇ ಹೊಳೆದಿರುತ್ತವೆ ಅಷ್ಟೆ. ಗಿರಾಕಿ ಕೇಳಿಕೊಂಡು ಬರುವುದು ಹೆಸರನ್ನು. ಹಾಗಾಗಿ ಕೆಲಸ ಅಕ್ಷರದಿಂದಲೇ ಶುರುವಾಗಲಿ.

ಹೆಸರನ್ನು ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಬರೆದು ಒತ್ತಕ್ಷರ ಎಲ್ಲಿ ಬೀಳುತ್ತದೆ ನೋಡಿ. ಸಾಗರ, ಸೊರಬ, ಹೊಸನಗರದಲ್ಲಿ ಒತ್ತೇ ಇಲ್ಲ. ಸಪಾಟಾದ ಪಟ್ಟಿಯಲ್ಲಿ ಕೂರುತ್ತವೆ. ಶಿವಮೊಗ್ಗದ ಒತ್ತು ಕೊನೆಯಲ್ಲಿದೆ, ಅದರ ಎಡಕ್ಕೆ ಮೂರು ಅಕ್ಷರದ ಕೆಳಗೆ ಜಾಗ ಖಾಲಿ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂಬ ಸಣ್ಣ ಸಾಲು ಕೂರಬೇಕಾದ್ದು ಅಲ್ಲಿಯೇ. ಒತ್ತನ್ನೇ ಎಳೆದು ಮಿಡಿಯ ತೊಟ್ಟಾಗಿಸಬಹುದು, ಎಲೆಯಾಗಿಸಬಹುದು. ಆದರೆ ಒಂದು ಹೆಸರಲ್ಲಿ ಒಂದೇ ಕಡೆ. ತೀರ್ಥಹಳ್ಳಿಯಲ್ಲಿ ಅರ್ಕಾವೊತ್ತನ್ನೂ ಳ-ಒತ್ತನ್ನೂ ಕುಣಿಸಿದರೆ ಹೆಸರು ಓದಲಾಗುವುದಿಲ್ಲ.

ಕೆಡುವುದು ಹೆಚ್ಚಾಗಿ ಅಚ್ಚಿನಲ್ಲಿ. ಗೋಣಿಯ ಎಳೆ ಒರಟು, ಶಾಯಿ ಹರಡುತ್ತದೆ. ಗೆರೆ 4-5 ಮಿಲಿಮೀಟರ್‌ಗಿಂತ ಸಣ್ಣದಿರಬಾರದು. ‘ಥ’ದೊಳಗಿನ ಚುಕ್ಕಿ ಮುಚ್ಚಿಕೊಂಡರೆ ಅದು ‘ಧ’ ಆಗಿಬಿಡುತ್ತದೆ. ಚೀಲಕ್ಕೆ ಅಚ್ಚೊತ್ತಲು ತಗಡಿನಲ್ಲಿ ಅಕ್ಷರ ಕೊರೆಸುವವರು ಇನ್ನೊಂದು ನೆನಪಿಡಿ: ‘ರ’, ‘ಠ’, ಸೊನ್ನೆಗಳ ಒಳಗಿನ ಬಿಲ್ಲೆ ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು 3-4 ಮಿಲಿಮೀಟರ್ ಅಗಲದ ಸೇತುವೆ ಬಿಡಬೇಕು. ಆ ಸೇತುವೆಗಳನ್ನು ಬೋರ್ಡಿನಲ್ಲೂ ಹಾಗೇ ಉಳಿಸಿಕೊಂಡರೆ ಅದೇ ನಿಮ್ಮ ಗುರುತು.

ಬೋರ್ಡಿನ ಲೆಕ್ಕ: ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರ. ಅರವತ್ತು ಅಡಿ ಆಚೆಯಿಂದ ಬಸ್ಸಿನವರು ಓದಬೇಕೆಂದರೆ ಆರಿಂಚು. ಇದು ಒತ್ತು ಬಿಟ್ಟು ಅಳೆದ ಎತ್ತರ. ಒತ್ತು ಸೇರಿದರೆ ಒಂಬತ್ತು-ಹತ್ತಿಂಚು ಜಾಗ ಬೇಕಾಗುತ್ತದೆ. ಬೋರ್ಡಿನಲ್ಲಿ 60 ಶೇಕಡ ಕನ್ನಡ ಇರಬೇಕೆಂದು 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆಯೇ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಲೋಗೊ ಮಾಡಿಸಿ ಕೊನೆಗೆ ಕನ್ನಡವನ್ನು ಮೂಲೆಗೆ ತುರುಕುವವರು ಎರಡು ಸಲ ಖರ್ಚು ಮಾಡುತ್ತಾರೆ.

ಬಣ್ಣದ ಮಾತು ಕೊನೆಗಿರಲಿ. ಮೊದಲು ಬರೀ ಕಪ್ಪಿನಲ್ಲಿ ಮಾಡಿಸಿ, ಒಂದೂವರೆ ಸೆಂಟಿಮೀಟರ್‌ಗೆ ಇಳಿಸಿ ಪ್ರಿಂಟ್ ತೆಗೆಯಿರಿ. ರಬ್ಬರ್ ಸ್ಟಾಂಪಿನಲ್ಲೂ ವಾಟ್ಸಾಪ್‌ನ ದುಂಡು ಚಿತ್ರದಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಕಾಣುವುದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಚೌಕಟ್ಟು, ಚೌಕಟ್ಟಿಗೊಂದು ಖರ್ಚು. ಎರಡು ಬಣ್ಣ ಸಾಕು. ಹಸಿರು ಎಲ್ಲರಿಗೂ ಇಷ್ಟ, ಆದರೆ ಆಷಾಢದ ಮಳೆಯಲ್ಲಿ ಹಸಿರು ತೋಟದ ಮುಂದೆ ಹಸಿರು ಬೋರ್ಡು ಕಾಣುವುದಾದರೂ ಹೇಗೆ? ದೀವರ ಮನೆಯ ಹಸೆ ಚಿತ್ತಾರ ನೋಡಿ: ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ ಗೆರೆ. ಆ ಜೋಡಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಚಿತ್ತಾರದ ನವಿರು ಗೆರೆಗಳನ್ನು ಮಾತ್ರ ಇದ್ದ ಹಾಗೇ ತರಬೇಡಿ, ಚಿಕ್ಕದಾದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕಬಡ್ಡಿ, ವಾಲಿಬಾಲ್ ಟೀಮುಗಳಿಗೆ ಗರ್ಜಿಸುವ ಹುಲಿ ಬೇಡ. ಇಂಟರ್ನೆಟ್‌ನಿಂದ ಎದುರು ಟೀಮಿನವರೂ ಅದನ್ನೇ ಇಳಿಸಿಕೊಂಡಿರುತ್ತಾರೆ. ಬಿಳಿ ಕಾಲುಚೀಲ ತೊಟ್ಟಂತಿರುವ ಕಾಟಿ (ಕಾಡುಕೋಣ), ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತಂತೆ ಕಾಣುವ ಮಂಗಟ್ಟೆ ಹಕ್ಕಿ, ಆಗುಂಬೆಯ ಕಾಳಿಂಗ: ಇವು ನೆರಳಿನಲ್ಲೇ ಗುರುತು ಸಿಗುವ ಆಕಾರಗಳು. ಎದೆಯ ಎಡಕ್ಕೆ 8 ಸೆಂಟಿಮೀಟರ್ ಅಗಲ ಸಾಕು. ಎಂಬ್ರಾಯಿಡರಿಯಾದರೆ ಒತ್ತು ಸೇರಿ ಅಕ್ಷರ 10 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದಾರ ಗಂಟುಗಂಟಾಗುತ್ತದೆ. ಗಂಡಭೇರುಂಡ ಎಷ್ಟೇ ಚೆಂದವಿದ್ದರೂ ರಾಜ್ಯ ಸರ್ಕಾರದ ಲಾಂಛನದಲ್ಲಿರುವುದು ಅದೇ. ಸರ್ಕಾರಿ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಕಾಯ್ದೆಯ ತಡೆಯಿದೆ.

ಡಿಸೈನ್ ಮಾಡಿದವರಿಂದ ಬರೀ ಜೆಪೆಗ್ ತಗೊಂಡು ಬರಬೇಡಿ, ಫ್ಲೆಕ್ಸ್‌ಗೆ ಹಿಗ್ಗಿಸಿದಾಗ ಅಂಚು ಒಡೆಯುತ್ತದೆ. ಸಿಡಿಆರ್ (ಕೋರೆಲ್‌ಡ್ರಾ ಎಂಬ ಡಿಸೈನ್ ತಂತ್ರಾಂಶದ ಫೈಲ್), ಪಿಡಿಎಫ್, ಎಸ್‌ವಿಜಿ ಮೂರನ್ನೂ ಕೇಳಿ ಪಡೆಯಿರಿ. ನುಡಿ ಫಾಂಟಿನಲ್ಲಿ ಟೈಪಿಸಿದ ಹೆಸರು ಆ ಫಾಂಟಿಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಅದಕ್ಕೇ ಕೋರೆಲ್‌ನಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಿಗೆ ತಿರುಗಿಸುವುದು. ಅದಾದಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಕೀ ಒತ್ತುವ ಮೊದಲೇ ಮನೆಯಲ್ಲಿ ಇಬ್ಬರಿಂದ ಜೋರಾಗಿ ಓದಿಸಿ.