ಪಾಲಕರೇ ಹಾಸಿಗೆ ಹಿಡಿದರೆ ಮಗು ಎಲ್ಲಿಗೆ? ‘ಎರಡನೇ ಮನೆ’ ಹೊಂದಿಸುವ ಬಗೆ

ಸಾಂಕ್ರಾಮಿಕ ರೋಗ ಊರಿಗೆ ಕಾಲಿಟ್ಟಾಗ ಎಲ್ಲರ ಗಮನ ಮಾಸ್ಕು, ಲಸಿಕೆ, ದಿನಸಿ ಕಿಟ್‌ಗಳ ಮೇಲಿರುತ್ತದೆ. ಸಾಕುಮಗು ಇರುವ ಮನೆ ಎಡವುವುದು ಬೇರೆ ಕಡೆ. ಬೇಯಿಸಿ ಹಾಕುವವರು ಹಾಸಿಗೆ ಹಿಡಿದ ದಿನ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಮೊದಲೇ ನಿಶ್ಚಯವಾಗಿರುವುದಿಲ್ಲ. ಗಡಿಬಿಡಿಯಲ್ಲಿ ಸಿಕ್ಕಿದವರ ಮನೆಗೆ ಬಿಡುತ್ತಾರೆ. ಕಾಗದಪತ್ರ ಇಲ್ಲ, ಔಷಧಿ ಚೀಟಿ ಇಲ್ಲ, ಜಿಲ್ಲಾ ಕಚೇರಿಗೆ ಸುದ್ದಿಯೂ ಇಲ್ಲ. ಒಮ್ಮೆ ಮನೆ ಕಳೆದುಕೊಂಡ ಮಗು ಮತ್ತೊಮ್ಮೆ ಕಳೆದುಕೊಳ್ಳುವುದು ಹೀಗೆ. ತಡೆಯಲು, ಪಾಲಕರು ಮಲಗಿದರೆ ಮಗು ಹೋಗಿ ಉಳಿಯುವ ‘ಎರಡನೇ ಮನೆ’ಯೊಂದನ್ನು ಮೊದಲೇ ಗೊತ್ತುಮಾಡಿಡಬೇಕು. ಅದಕ್ಕೆ ದೊಡ್ಡ ಸಂಘಟನೆ ಬೇಕಿಲ್ಲ. ಪಂಚಾಯ್ತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಒಬ್ಬ ಶಿಕ್ಷಕರು, ಸ್ತ್ರೀಶಕ್ತಿ ಸಂಘದ ಇಬ್ಬರು ಒಂದು ಸಂಜೆ ಕೂತರೆ ಕೆಲಸ ಶುರುವಾಗುತ್ತದೆ.

ಮೊದಲು ಪಟ್ಟಿ

ನಮ್ಮ ಉತ್ತರ ಕನ್ನಡದಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ (ಆಸರೆ ಬೇಕಾದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲಾ ಸಮಿತಿ) ಆದೇಶದ ಮೇಲೆ ಪೋಷಕತ್ವದಲ್ಲಿರುವ, ಅಂದರೆ ಬೇರೆ ಕುಟುಂಬದಲ್ಲಿ ಬೆಳೆಯುತ್ತಿರುವ ಮಕ್ಕಳ ದಾಖಲೆ ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇರುತ್ತದೆ. ಕಣ್ಣಿಗೆ ಬೀಳದವರು ಉಳಿದವರು: ಅಜ್ಜಿ ಸಾಕುತ್ತಿರುವ ಮೊಮ್ಮಕ್ಕಳು, ಅಪ್ಪ ಗೋವಾದ ಬೋಟಿನಲ್ಲಿ ಅಥವಾ ಗಲ್ಫಿನಲ್ಲಿದ್ದು ಅಮ್ಮ ಒಬ್ಬಳೇ ಇರುವ ಮನೆ, ಅಡಿಕೆ ಕೊಯ್ಲಿಗೋ ಇಟ್ಟಿಗೆ ಭಟ್ಟಿಗೋ ಬೇರೆ ಜಿಲ್ಲೆಯಿಂದ ಬಂದು ಶೆಡ್ಡಿನಲ್ಲಿ ಉಳಿದವರ ಮಕ್ಕಳು. 2020ರಲ್ಲಿ ಮಾಜಾಳಿಯ ಗೋವಾ ಗಡಿ ಮುಚ್ಚಿದಾಗ ಆಚೆ ದುಡಿಯುವವರ ಮನೆಗಳಲ್ಲಿ ಹಣವೂ ಆಸರೆಯೂ ಒಟ್ಟಿಗೇ ನಿಂತವು. ಇವರೂ ಪಟ್ಟಿಗೆ ಬರಬೇಕು.

ಪ್ರತಿ ಮಗುವಿಗೂ ಒಂದೇ ಪುಟ: ಹೆಸರು, ವಯಸ್ಸು, ಯಾರ ಜತೆ ಇದೆ, ಆ ಮನೆಯಲ್ಲಿ 60 ದಾಟಿದವರು ಯಾರು, ಸಕ್ಕರೆ ಕಾಯಿಲೆ, ಆಸ್ತಮಾ, ಫಿಟ್ಸ್‌ನಂಥ ತೊಂದರೆ ಯಾರಿಗಿದೆ, ಯಾವ ಔಷಧಿ, ಮನೆಮಾತು ಯಾವುದು (ಕೊಂಕಣಿಯೋ, ನವಾಯತಿಯೋ, ಹಾಲಕ್ಕಿ ಕನ್ನಡವೋ), ಎರಡು ಫೋನ್ ನಂಬರ್. ಈ ಪುಟ ವಾಟ್ಸಾಪ್ ಗುಂಪಿಗೆ ಹೋಗಕೂಡದು. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪುಸ್ತಕದಲ್ಲಿ ಬರೆದು ಒಬ್ಬರ ಕಪಾಟಿನಲ್ಲಿ ಬೀಗ ಹಾಕಿಡುವುದೇ ಲೇಸು.

ಎರಡನೇ ಮನೆ ಆರಿಸುವುದು

ಇಲ್ಲಿ ನಿಧಾನ ಮಾಡಿ. ಎಲ್ಲರಿಗೂ ಮೊದಲು ಹೊಳೆಯುವುದು ಪಕ್ಕದ ಮನೆ. ಅದೇ ಬಹಳ ಸಲ ತಪ್ಪು ಆಯ್ಕೆ. ಒಂದೇ ಬಾವಿಕಟ್ಟೆ, ಒಂದೇ ಟಿವಿ, ಒಂದೇ ದೋಣಿಯ ಕೆಲಸ ಇರುವ ಎರಡು ಮನೆಗಳಿಗೆ ಸೋಂಕು ಒಂದೇ ವಾರದಲ್ಲಿ ತಗಲುತ್ತದೆ. ಬೇಕಾದಾಗ ಎರಡನೇ ಮನೆಯವರೂ ಮಲಗಿರುತ್ತಾರೆ. ಹಾಗೆಂದು ತೀರಾ ದೂರವೂ ಬೇಡ. ಬೈಕಿನಲ್ಲಿ ಅರ್ಧ ತಾಸಿನೊಳಗೆ ಮುಟ್ಟುವಂತಿರಲಿ, ಹೊಳೆಯ ಇದೇ ದಡದಲ್ಲಿರಲಿ. 2021ರ ಜುಲೈಯಲ್ಲಿ ಕೋವಿಡ್ ಇನ್ನೂ ಊರು ಬಿಟ್ಟಿರಲಿಲ್ಲ. ಆಗಲೇ ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಕಳಚೆಯಲ್ಲಿ ಗುಡ್ಡ ಕುಸಿಯಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಾಟಬೇಕಾದ ಎರಡನೇ ಮನೆಯನ್ನು ಮಳೆಗಾಲದಲ್ಲಿ ಇದ್ದೂ ಇಲ್ಲದಂತೆ ಎಣಿಸಿ.

ಆ ಮನೆಯಲ್ಲಿ ಗಟ್ಟಿಮುಟ್ಟಾದ ವಯಸ್ಕರು ಇಬ್ಬರಾದರೂ ಇರಬೇಕು, ವಯೋವೃದ್ಧರು ಇರದಿದ್ದರೆ ಒಳ್ಳೆಯದು. ಮಗುವಿನ ಮನೆಮಾತು ಒಬ್ಬರಿಗಾದರೂ ಬರಬೇಕು. ಊಟದ ವಿಷಯ ಮುಲಾಜಿಲ್ಲದೆ ಮಾತಾಡಿ. ದಿನಾ ಮೀನುಸಾರು ಉಂಡ ಮಗುವನ್ನು ಘಟ್ಟದ ಮೇಲಿನ ಸಸ್ಯಾಹಾರಿ ಮನೆಯಲ್ಲಿ ಎರಡು ವಾರ ಇರಿಸಿದರೆ ಅದು ಉಣ್ಣದೆ ಸೊರಗಬಹುದು. ಅಣ್ಣತಮ್ಮ, ಅಕ್ಕತಂಗಿಯರನ್ನು ಬೇರೆ ಮಾಡಬೇಡಿ. ಇಬ್ಬರನ್ನೂ ಹಿಡಿಸುವ ಮನೆ ಸಿಗುವ ತನಕ ಹುಡುಕಿ.

ಮನೆ ಗೊತ್ತಾದ ಮೇಲೆ ಹೆಸರನ್ನು ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ. ಸಮಿತಿಯ ಆದೇಶದಲ್ಲಿರುವ ಮಗುವನ್ನು ಪಾಲಕರು ತಮ್ಮಿಷ್ಟಕ್ಕೆ ಬೇರೆ ಮನೆಗೆ ವರ್ಗಾಯಿಸುವಂತಿಲ್ಲ. ಮೊದಲೇ ಹೆಸರು ಹೋಗಿದ್ದರೆ ಕಷ್ಟದ ದಿನ ಒಂದು ಫೋನಿನಲ್ಲಿ ಕೆಲಸ ಸಾಗುತ್ತದೆ. 2020ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಲ್ಲಿ ಪೋಷಕತ್ವದ ಕುಟುಂಬಗಳಿಗೆ ಮಾಹಿತಿ ಕೊಡಬೇಕು, ಮಗುವಿನ ಆರೋಗ್ಯ ಮತ್ತು ಮನಸ್ಥಿತಿ ವಿಚಾರಿಸುತ್ತಿರಬೇಕು ಎಂಬುದೂ ಸೇರಿತ್ತು. ಆದ್ದರಿಂದ ಕೇಳಲು ಸಂಕೋಚ ಬೇಡ.

ರೋಗ ಬರುವ ಮೊದಲೇ ಮಗು ಆ ಮನೆಗೆ ಎರಡು ಮೂರು ಸಲ ಹೋಗಿ ಉಂಡು ಬಂದಿರಲಿ, ಒಂದು ರಾತ್ರಿಯಾದರೂ ಮಲಗಿರಲಿ. ಪಾಯಿಖಾನೆ ಎಲ್ಲಿದೆ, ನಾಯಿ ಕಚ್ಚುತ್ತದೆಯೇ ಎಂದು ಗೊತ್ತಿರುವ ಮಗುವಿನ ಹೆದರಿಕೆ ಅರ್ಧ ಕಮ್ಮಿ.

ಹೊರಡುವ ಚೀಲ

ಗಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ಸಮಿತಿಯ ಆದೇಶ, ಪಾಸ್‌ಬುಕ್‌ನ ಮೊದಲ ಪುಟ, ಲಸಿಕೆ ಕಾರ್ಡ್ ಇವುಗಳ ಜೆರಾಕ್ಸ್. ಮೂಲಪ್ರತಿ ಮನೆಯಲ್ಲೇ ಇರಲಿ, ಆದರೆ ನೆಲಮಟ್ಟದ ಪೆಟ್ಟಿಗೆಯಲ್ಲಿ ಬೇಡ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ತೋಯುವುದು ಮೊದಲು ಅದೇ. ನಾಲ್ಕು ಜೊತೆ ಬಟ್ಟೆ (ಜಡಿಮಳೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ), 15 ದಿನದ ಔಷಧಿ, ಹೊದೆದು ಅಭ್ಯಾಸವಾದ ಹಳೆಯ ಚಾದರ. ಚಾದರ ಒಗೆದು ಕೊಡಬೇಡಿ, ಮನೆಯ ವಾಸನೆ ಹಾಗೇ ಇರಲಿ. ಜತೆಗೊಂದು ಚೀಟಿ: ರಾತ್ರಿ ಎಷ್ಟಕ್ಕೆ ಮಲಗುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆಯೇ, ಯಾವುದಕ್ಕೆ ಬೆಚ್ಚುತ್ತದೆ.

ಎರಡು ವಾರದ ದಿನಸಿ

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಮನೆಗೆ 14 ದಿನಕ್ಕೆ ಸುಮಾರು 18 ಕಿಲೋ ಅಕ್ಕಿ, 3 ಕಿಲೋ ಬೇಳೆಕಾಳು, ಒಂದೂವರೆ ಲೀಟರ್ ಎಣ್ಣೆ, 2 ಕಿಲೋ ಅವಲಕ್ಕಿ, ತಲಾ 1 ಕಿಲೋ ಬೆಲ್ಲ ಮತ್ತು ಶೇಂಗಾ, 30 ಮೊಟ್ಟೆ ಅಥವಾ ಒಣಮೀನು, ಉಪ್ಪು, ಸೋಪು. ಅಕ್ಕಿ ಪೂರ್ತಿ ಕುಚಲಕ್ಕಿಯೇ ಬೇಡ. ಅದು ಬೇಯಲು ಹೊತ್ತು ಜಾಸ್ತಿ, ಸೌದೆ ಜಾಸ್ತಿ. ಜ್ವರದಿಂದ ಎದ್ದು ಒಲೆ ಊದುವವರಿಗೆ ಅರ್ಧ ಬೆಳ್ತಿಗೆ ಅಕ್ಕಿ ಕೊಟ್ಟರೆ ಉಪಕಾರ. ಗ್ಯಾಸ್ ಸಿಲಿಂಡರ್ ಎಷ್ಟಿದೆ ಎಂದು ಎತ್ತಿ ನೋಡಿ. ಕಿಟ್ ಕೊಟ್ಟು ಫೋಟೊ ತೆಗೆಯುವ ಚಾಳಿ ಇಲ್ಲಿ ಸಲ್ಲದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಕರಾವಳಿಯ ಬಡ ಮನೆಗಳಿಗೆ ಎಂದಿನ ವರ್ಷವೂ ಆ 61 ದಿನ ಬಿಗಿ. ಸಾಂಕ್ರಾಮಿಕ ಅದಕ್ಕೆ ಮೊದಲೇ ಬಂದಿದ್ದರೆ ಸಾಲದ ವಾರದ ಕಂತೂ ಸೇರಿ ಮಕ್ಕಳ ತಟ್ಟೆಗೆ ಕತ್ತರಿ ಬೀಳುತ್ತದೆ. ಮೇ ಕೊನೆಯ ವಾರದಲ್ಲೇ ಪಟ್ಟಿಯ ಮನೆಗಳನ್ನು ಇನ್ನೊಮ್ಮೆ ಸುತ್ತಿ. ಶಾಲೆ ಮುಚ್ಚಿದ್ದರೆ ಬಿಸಿಯೂಟದ ಪಾಲಿನ ಧಾನ್ಯ ಮನೆಗೆ ತಲುಪುತ್ತಿದೆಯೇ ಎಂದು ಕೇಳಿ. ಕೋವಿಡ್ ಕಾಲದ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಧಾನ್ಯ.

ಜ್ವರ ಬಂದಾಗ

ಎಲ್ಲ ಜ್ವರವನ್ನೂ ಸಾಂಕ್ರಾಮಿಕದ ಖಾತೆಗೆ ಹಾಕುವುದು ನಮ್ಮ ಕಡೆ ಅಪಾಯ. ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ, ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಇಲಿಜ್ವರ, ಡೆಂಗೆ ಇದ್ದೇ ಇವೆ. ಕಾಡಿಗೆ ಹೋಗಿದ್ದರೇ, ಗದ್ದೆಯಲ್ಲಿ ಕೆಲಸ ಮಾಡಿದ್ದರೇ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಮಕ್ಕಳ ಪ್ಯಾರಾಸಿಟಮಾಲ್ ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, 4ರಿಂದ 6 ತಾಸಿಗೊಮ್ಮೆ. ಸಿರಪ್ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಹಿಂದಿನ ಬಾಟಲಿಯ ಅಳತೆಯನ್ನೇ ಹೊಸದಕ್ಕೆ ಹಾಕಿದರೆ ಇಮ್ಮಡಿಯಾಗಬಹುದು, ಲೇಬಲ್ ಓದಿಸಿ. ಆಸ್ಪಿರಿನ್ ಕೊಡಬಾರದು. ಭೇದಿಯಾದರೆ ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿಕೊಂಡರೆ ಹದ ಕೆಡುತ್ತದೆ.

ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಯಂತ್ರ) ಇಟ್ಟುಕೊಂಡವರು ಬೆರಳಿನ ನೇಲ್ ಪಾಲಿಶ್, ಮೆಹೆಂದಿ ಗಮನಿಸಲಿ. ಕೈ ತಣ್ಣಗಿದ್ದರೂ ಅಂಕಿ ಸುಳ್ಳಾಗುತ್ತದೆ. ಕೈ ಬೆಚ್ಚಗೆ ಮಾಡಿ, 5 ನಿಮಿಷ ಕೂತು ನೋಡಬೇಕು. 94ಕ್ಕಿಂತ ಕೆಳಗಿದ್ದರೆ 108ಕ್ಕೆ ಕರೆ. ಯಂತ್ರ ಇಲ್ಲದಿದ್ದರೆ ಮಲಗಿದ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ: ಒಂದರಿಂದ 5 ವರ್ಷದವರಲ್ಲಿ 40, ಅದಕ್ಕೂ ದೊಡ್ಡವರಲ್ಲಿ 30 ಮುಟ್ಟಿದರೆ ತಡ ಮಾಡಬೇಡಿ. 5 ವರ್ಷದೊಳಗಿನವರಿಗೆ ಮಾಸ್ಕ್ ಬೇಡವೆಂದು 2021ರ ಕೇಂದ್ರ ಆರೋಗ್ಯ ಮಾರ್ಗಸೂಚಿಯೇ ಹೇಳಿತ್ತು.

ಪಾಲಕರಿಗೆ ಸೋಂಕು ತಗುಲಿದಾಗ ಮಗುವಿಗೂ ಪರೀಕ್ಷೆ ಮಾಡಿಸದೆ ಎರಡನೇ ಮನೆಗೆ ಕಳಿಸಬೇಡಿ. ಮಗುವಿಗೂ ಸೋಂಕಿದ್ದು ಪಾಲಕರು ಎದ್ದು ಓಡಾಡುವಂತಿದ್ದರೆ ಇಬ್ಬರೂ ಅಲ್ಲೇ ಇರಲಿ, ಊಟ ಮಾತ್ರ ಹೊರಗಿನಿಂದ ಬರಲಿ.

ಹೆತ್ತವರ ಜತೆ ಮಾತು

ಸಾಕುಮನೆಯಲ್ಲಿದ್ದರೂ ಹೆತ್ತವರೋ ಅಜ್ಜಿಯೋ ಇರುವ ಮಕ್ಕಳಿಗೆ ಭೇಟಿ ನಿಂತುಹೋಗುವುದು ದೊಡ್ಡ ಪೆಟ್ಟು. ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ಫೋನ್. ಜೋಯಿಡಾ, ಯಲ್ಲಾಪುರದ ಒಳಹಳ್ಳಿಗಳಲ್ಲಿ ವಿಡಿಯೊ ಕರೆ ಕೈಕೊಡುತ್ತದೆ, ಮುಖ ಅರ್ಧಕ್ಕೆ ನಿಂತರೆ ಮಗುವಿಗೆ ಗಾಬರಿ. ಸಾದಾ ಕರೆ ಅಥವಾ ಧ್ವನಿ ಸಂದೇಶವೇ ಮೇಲು. ಅಪ್ಪ ಬೋಟಿನಲ್ಲಿದ್ದರೆ ‘ಏಳು ಗಂಟೆಗೆ’ ಎನ್ನಬೇಡಿ, ‘ದೋಣಿ ಬಂದರಿಗೆ ಬಂದ ದಿನ’ ಎನ್ನಿ. ಬರುವ ತಾರೀಖಿನ ಭರವಸೆ ಮಾತ್ರ ಯಾರೂ ಕೊಡಕೂಡದು.

ಅನ್ನ ಬಚ್ಚಿಡುವುದು, ಮತ್ತೆ ಹಾಸಿಗೆ ಒದ್ದೆ ಮಾಡುವುದು, ಬೆನ್ನು ಬಿಡದೆ ಅಂಟಿಕೊಳ್ಳುವುದು ಭಯದ ಲಕ್ಷಣ. ಬೈದರೆ ಹೆಚ್ಚುತ್ತದೆ. ಬಚ್ಚಿಡುವ ಮಗುವಿಗೆ ಅದರದ್ದೇ ಒಂದು ಡಬ್ಬಿ ಕೊಟ್ಟು ದಿನಾ ಅವಲಕ್ಕಿ, ಬೆಲ್ಲ ತುಂಬಿ. ಡಬ್ಬಿ ಖಾಲಿಯಾಗುವುದಿಲ್ಲ ಎಂದು ನಂಬಿಕೆ ಬಂದ ಮೇಲೆ ಬಚ್ಚಿಡುವುದು ಕಮ್ಮಿಯಾಗುತ್ತದೆ.

ಸಾವಾದರೆ

ಮಗುವಿಗೆ ‘ಊರಿಗೆ ಹೋಗಿದ್ದಾರೆ’ ಎನ್ನಬೇಡಿ, ಅದು ಕಾಯುತ್ತ ಕೂರುತ್ತದೆ. ತೀರಿಕೊಂಡರು ಎಂದೇ ಹೇಳಿ, ಮಗು ನಂಬುವ ಒಬ್ಬರು ಹೇಳಲಿ. ನನ್ನಿಂದ ಜ್ವರ ಬಂತೇ ಎಂದು ಅದು ಬಾಯಿಬಿಟ್ಟು ಕೇಳದಿದ್ದರೂ ನಿನ್ನಿಂದಲ್ಲ ಎಂಬ ಮಾತು ಬರಬೇಕು.

ನೋಡಿಕೊಳ್ಳುವವರೇ ಇಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ವಿಷಯ ಮುಟ್ಟಬೇಕು, ಸುಮ್ಮನಿರುವುದೂ ಕಾಯ್ದೆಯಡಿ ತಪ್ಪು. 2021ರ ಮೇಯಲ್ಲಿ ‘ಅನಾಥ ಶಿಶು ಇದೆ, ದತ್ತು ಬೇಕಾದವರು ಸಂಪರ್ಕಿಸಿ’ ಎಂಬ ಸಂದೇಶಗಳು ಎಲ್ಲೆಡೆ ಹರಿದಾಡಿದವು. ಫಾರ್ವರ್ಡ್ ಮಾಡಿದವರಲ್ಲಿ ಒಳ್ಳೆಯವರೇ ಹೆಚ್ಚು, ಆದರೆ ಮಕ್ಕಳ ಸಾಗಣೆದಾರರಿಗೆ ದಾರಿ ಮಾಡಿಕೊಡುವುದೂ ಅದೇ. ಕಾನೂನಿನ ಹಾದಿ ತಪ್ಪಿಸಿ ಮಗುವನ್ನು ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ 3 ವರ್ಷದವರೆಗೆ ಶಿಕ್ಷೆ ಇದೆ. ನೆಂಟರಲ್ಲಿ ಸಾಕುವವರಿದ್ದರೆ ಅವರ ಹೆಸರನ್ನು ಸಮಿತಿಯ ಮುಂದಿಡಿ, ಬಾಲಮಂದಿರ ಕೊನೆಯ ದಾರಿ.

ಕಾಗದ ಮತ್ತು ಹಣ

ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಪ್ರಾಯೋಜಕತ್ವ ಹೆತ್ತವರು ಅಥವಾ ನೆಂಟರ ಜತೆಗಿರುವ ಮಗುವಿಗೆ. ವಿಧವೆಯ ಮಕ್ಕಳು, ಅಜ್ಜಿಮನೆಯ ಅನಾಥರು ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಅರ್ಜಿ ಸಿಕ್ಕಿಬೀಳುವುದು ಸಣ್ಣ ಕಾರಣಗಳಿಗೆ. ಆಧಾರಿನಲ್ಲಿ ‘ಹರಿಕಂತ್ರ’, ಶಾಲೆಯಲ್ಲಿ ‘ಹರಿಕಾಂತ’, ಪಾಸ್‌ಬುಕ್‌ನಲ್ಲಿ ಬರೀ ಇನಿಶಿಯಲ್. ‘ಗೌಡ’, ‘ಗೌಡಾ’ ಒಂದೇ ಎಂದು ಕಂಪ್ಯೂಟರಿಗೆ ತಿಳಿಯದು. ತಿದ್ದುಪಡಿಯನ್ನು ಆಧಾರಿನಿಂದ ಶುರುಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ಮೊದಲೇ ವಿಚಾರಿಸಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಡವಾದಷ್ಟೂ ದಂಡ, ಅನುಮತಿ ಎಂದು ಓಡಾಟ ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡವರ ಸಾವಿನ ಕಾರಣದ ಪ್ರಮಾಣಪತ್ರವನ್ನು ಅಲ್ಲಿಂದ ಹೊರಡುವ ಮೊದಲೇ ಕೇಳಿ. ಪರಿಹಾರ ಕೇಳುವಾಗ ಇಂಥ ಕಾಗದ ಕೈಯಲ್ಲಿದ್ದರೆ ಓಡಾಟ ಕಮ್ಮಿ.

ಮೊದಲ ಕಂತು ಬರಲು ತಿಂಗಳುಗಳು ಹಿಡಿಯಬಹುದು. ಆ ನಡುವಿನ ದಿನಕ್ಕೆ ಸ್ತ್ರೀಶಕ್ತಿ ಸಂಘದಿಂದ ಬಡ್ಡಿಯಿಲ್ಲದ ಕೈಗಡ ಗೊತ್ತುಮಾಡಿ. ಫೋನ್ ರೀಚಾರ್ಜ್‌ನ್ನೂ ಅದರಲ್ಲೇ ಸೇರಿಸಿ. ಸೋಂಕು ಇಳಿಯುವ ತನಕ 15 ದಿನಕ್ಕೊಮ್ಮೆ ಪುಸ್ತಕ ತೆಗೆದು ಎಲ್ಲ ನಂಬರಿಗೂ ಒಂದು ಕರೆ ಮಾಡಿ. ಸ್ವಿಚ್ ಆಫ್ ಬಂದ ಮನೆಗೆ ಅದೇ ದಿನ ಯಾರಾದರೂ ಹೋಗಿ ಬರಲಿ. ಹುಡುಗಿಯ ಮದುವೆ ಮಾತು, ಹುಡುಗ ಬಂದರಿನ ಕೆಲಸಕ್ಕೆ ಸೇರಿದ್ದು ಕಣ್ಣಿಗೆ ಬೀಳುವುದು ಇಂಥ ಭೇಟಿಯಲ್ಲೇ, ಕಂಡರೆ ಆಗಲೂ 1098.