ಹದಿನಾಲ್ಕು ದಿನದ ರದ್ದಿ ಪೇಪರ್, ಒಂದು ಡಿಸರ್ಟೇಷನ್

"ವರ್ಷಕ್ಕೆ ಹದಿನಾಲ್ಕೇ ದಿನದ ಪೇಪರಾ? ವೈವಾದಲ್ಲಿ ನಿನ್ನನ್ನು ಬಿಡಲ್ಲ ನೋಡು. ಸುಮ್ನೆ ನೂರು ಪ್ರಶ್ನಾವಳಿ ಹಂಚಿ ಮುಗಿಸು." ಎಂ.ಎ. ಪತ್ರಿಕೋದ್ಯಮದ ಕೊನೆ ಸೆಮಿಸ್ಟರ್‌ನಲ್ಲಿ ಡಿಸರ್ಟೇಷನ್ (ಸಂಶೋಧನಾ ಪ್ರಬಂಧ) ಬರೆಯಲು ಒಂದು ವರ್ಷದ ಪತ್ರಿಕೆಗಳಲ್ಲಿ ಹದಿನಾಲ್ಕು ದಿನದ್ದನ್ನು ಮಾತ್ರ ಆರಿಸಿ ನೋಡುತ್ತೇನೆ ಅಂದಾಗ, ಬಳ್ಳಾರಿಯ ಹಾಸ್ಟೆಲ್‌ನಲ್ಲಿ ಸೀನಿಯರ್‌ಗಳೆಲ್ಲ ಹೇಳಿದ್ದು ಇದನ್ನೇ. ಗೈಡ್ ಸರ್‌ಗೂ ಅನುಮಾನವಿತ್ತು. ಈಗ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿದಿದೆ. ನಮ್ಮ ಬ್ಯಾಚಿನಲ್ಲಿ ಡಿಸರ್ಟೇಷನ್‌ಗೆ ಹೆಚ್ಚು ಅಂಕ ಬಂದಿದ್ದು ನನಗೇ.

ನನ್ನ ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು. 2024ರಲ್ಲಿ ಮೂರು ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಅವರ ಸುದ್ದಿ ಎಷ್ಟು ಬಂತು, ಅದರಲ್ಲಿ ಮಾತಾಡಿದವರು ಯಾರು ಅಂತ ನೋಡಬೇಕಿತ್ತು. ನಮ್ಮ ಹೊಲ ಇರುವುದು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ಮುನಿರಾಬಾದ್‌ನಲ್ಲಿ ಕಾಲುವೆಗೆ ನೀರು ಯಾವಾಗ ಬಿಡಬೇಕು ಅಂತ ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸಭೆ ಅಂದರೆ ಆ ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲ್ಲ. ಹಾಗಾಗಿ ವಿಷಯ ಬದಲಿಸುವ ಮಾತೇ ಇರಲಿಲ್ಲ.

ಮೊದಲು ಇ-ಪೇಪರ್ ಪ್ರಿಂಟ್ ತೆಗೆಸಿದೆ. ಸುಮಾರು 1,800 ರೂಪಾಯಿ ಹೋಯಿತು. ಎ4 ಹಾಳೆಯಲ್ಲಿ ಪುಟ ಕುಗ್ಗಿರುತ್ತೆ, ಸ್ಕೇಲ್ ಇಟ್ಟು ಅಳೆದರೆ ಸುಳ್ಳು ಲೆಕ್ಕ ಬರುತ್ತೆ. ಇದು ಹೊಳೆದಿದ್ದು ಅರ್ಧ ಕೋಡಿಂಗ್ (ಪ್ರತಿ ಸುದ್ದಿಯನ್ನು ಅಳೆದು, ಮಾತಾಡಿದವರು ಯಾರು ಅಂತ ಗುರುತು ಹಾಕುವ ಕೆಲಸ) ಆದ ಮೇಲೆ! ಆಮೇಲೆ ಒಂದು ಗ್ರಂಥಾಲಯಕ್ಕೆ ಹೋದೆ. ಫೈಲ್‌ನಲ್ಲಿ ಬೇಕಾದ ಪುಟಗಳನ್ನೇ ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಬಳ್ಳಾರಿಯ ರದ್ದಿ ಅಂಗಡಿಯಲ್ಲಿ ಹತ್ತು ಕೆಜಿ ತಂದೆ. ರೂಮಿನಲ್ಲಿ ಬಿಚ್ಚಿ ನೋಡಿದರೆ ಎಲ್ಲ ಬಳ್ಳಾರಿ ಆವೃತ್ತಿ! ನನಗೆ ಬೇಕಿದ್ದು ರಾಯಚೂರು ಪುಟ.

ಕೊನೆಗೆ ದಾರಿ ತೋರಿಸಿದ್ದು ಅವ್ವ. ಯುಗಾದಿಗೆ ಮುಂಚೆ ಎಲ್ಲರೂ ಮನೆ ತೊಳೆಯುತ್ತಾರೆ, ವರ್ಷದ ಪೇಪರ್ ಹೊರಗೆ ಬೀಳುತ್ತೆ ಅಲ್ವಾ? 2025ರ ಮಾರ್ಚ್‌ನಲ್ಲಿ ಎರಡು ವಾರ ರಾಯಚೂರಿನ ರದ್ದಿ ಅಂಗಡಿಗಳಲ್ಲೇ ಕೂತೆ. "ತಂಗಿ, ಮಿರ್ಚಿ ಅಂಗಡಿ ಇಡ್ತೀಯೇನು?" ಅಂತ ಒಬ್ಬ ಅಣ್ಣ ಕೇಳಿದರು. ಕೆಜಿಗೆ 22ರಂತೆ ಸುಮಾರು 60 ಕೆಜಿ ಕೊಂಡೆ. ಬೇಕಾದ್ದು ತೆಗೆದುಕೊಂಡು ಉಳಿದದ್ದನ್ನು ಅವರಿಗೇ 14ಕ್ಕೆ ಮಾರಿದೆ. ಆದರೂ ಆರೇಳು ಸಂಚಿಕೆ ಕಡಿಮೆ ಬಿದ್ದವು. ಅವನ್ನು ಎಲ್ಲಿ ಹುಡುಕಿದೆ ಅನ್ನೋದನ್ನು ಹೇಳಲ್ಲ, ಪಿಎಚ್‌ಡಿಗೂ ಅದೇ ಜಾಗ ಬೇಕು.

ದಿನಗಳನ್ನು ಆರಿಸಿದ್ದು ಚೀಟಿ ಎತ್ತಿ. ಸೋಮವಾರದ್ದೆಲ್ಲ ಒಂದು ಡಬ್ಬಿ, ಮಂಗಳವಾರದ್ದು ಇನ್ನೊಂದು, ಹೀಗೆ ಏಳು ಡಬ್ಬಿ. ಪ್ರತಿ ಡಬ್ಬಿಯಿಂದ ಎರಡು ಚೀಟಿ. ಅಧಿಕ ವರ್ಷ ಅಂತ 2024ರಲ್ಲಿ ಸೋಮವಾರ, ಮಂಗಳವಾರ 53 ಸಲ ಬಂದಿದ್ದವು, ಒಂದೊಂದು ಚೀಟಿ ಮರೆತು ಎಲ್ಲ ಮತ್ತೆ ಮಾಡಬೇಕಾಯಿತು. ಕೆಲವು ಹಬ್ಬಗಳ ಮರುದಿನ ಪೇಪರ್ ಇರಲ್ಲ, ಅಂಥ ಚೀಟಿ ಬಂದರೆ ಮತ್ತೊಂದು ಎತ್ತಬೇಕು.

ಒಂದೇ ಭಯ ಇತ್ತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದಿಂದ ನೀರು ಹೊರಬಿಡುವ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋಯಿತು. ಆ ವಾರದ ಒಂದು ದಿನವೂ ನನ್ನ ಚೀಟಿಯಲ್ಲಿ ಬರಲಿಲ್ಲ. ಗೈಡ್ ಸರ್ "ಇದನ್ನು ಬಿಟ್ಟರೆ ಹೇಗಮ್ಮಾ?" ಅಂದರು. ಆ ವಾರವನ್ನು ಪೂರ್ತಿ ಬೇರೆ ಅಧ್ಯಾಯ ಮಾಡಿದೆ, ಲೆಕ್ಕದಲ್ಲಿ ಸೇರಿಸಲಿಲ್ಲ. ಅದೇ ಸರಿ ಅಂತ ಈಗಲೂ ಅನ್ನುತ್ತೇನೆ. ಗೇಟ್ ಸುದ್ದಿಯನ್ನು ವರ್ಷದ ಲೆಕ್ಕಕ್ಕೆ ಸೇರಿಸಿದ್ದರೆ, ಕಾಲುವೆ ಸುದ್ದಿ ವರ್ಷವಿಡೀ ತುಂಬಿ ತುಳುಕುತ್ತಿತ್ತು ಅಂತ ಕಾಣುತ್ತಿತ್ತು.

ಕಾಲಂ ಸೆಂಟಿಮೀಟರ್‌ನಲ್ಲಿ ಅಳೆಯಬೇಡಿ. ಪತ್ರಿಕೆಯಿಂದ ಪತ್ರಿಕೆಗೆ ಕಾಲಂ ಅಗಲ ಬೇರೆ. ಚದರ ಸೆಂಟಿಮೀಟರ್ ಹಿಡಿಯಿರಿ. ಎರಡನೇ ಕೋಡರ್, ಅಂದರೆ ನನ್ನ ಗುರುತು ಸರಿಯೇ ಅಂತ ನೋಡಲು ಅವೇ ಸುದ್ದಿಗಳನ್ನು ಬೇರೆಯಾಗಿ ಕೋಡ್ ಮಾಡಿದವಳು, ನನ್ನ ರೂಮ್‌ಮೇಟ್. ಮೊದಲ ಸಲ ನಮ್ಮಿಬ್ಬರ ಕೋಡಿಂಗ್ ಹೊಂದಿದ್ದು ನೂರಕ್ಕೆ ಅರವತ್ತೋ ಏನೋ. ರೈತ ಸಂಘದ ಮುಖಂಡರ ಮಾತನ್ನು ನಾನು 'ರೈತ' ಅಂತ ಹಾಕಿದ್ದೆ, ಅವಳು 'ಮುಖಂಡ' ಅಂತ. ಅವಳೇ ಸರಿ. ನಿಯಮ ತಿದ್ದಿ ಮತ್ತೆ ಕೂತೆವು, 88ರ ಹತ್ತಿರ ಬಂತು. ಅವಳಿಗೆ ಕೊಟ್ಟಿದ್ದು ಆರು ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ.

ನಡುವೆ ಇನ್ನೊಂದು ಮಾಡಿ ನೋಡಿದೆ. ಅಪ್ಪನ ರೈತರ ವಾಟ್ಸಾಪ್ ಗುಂಪಿನಲ್ಲಿ ಕಾಲುವೆ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅಂತ ದಿನಾ ಬರುತ್ತೆ. ಹದಿನೈದು ದಿನ ಪತ್ರಿಕೆ ಜೊತೆ ಹೋಲಿಸಿದೆ, ಗುಂಪೇ ಮುಂದಿತ್ತು. ಎಲ್ಲರ ಒಪ್ಪಿಗೆ ಪಡೆದಿರಲಿಲ್ಲ, ಹಾಗಾಗಿ ಡಿಸರ್ಟೇಷನ್‌ಗೆ ಹಾಕಲಿಲ್ಲ.

ಬೈಂಡಿಂಗ್, ಬಸ್ಸು, ಹಾಳಾದ ಪ್ರಿಂಟ್ ಎಲ್ಲ ಸೇರಿ ಐದು ಸಾವಿರದ ಹತ್ತಿರ ಖರ್ಚು.

ವೈವಾದಲ್ಲಿ ಮೊದಲ ಪ್ರಶ್ನೆ ಅದೇ: "ಹದಿನಾಲ್ಕೇ ದಿನ ಯಾಕೆ?" ಮಾಧ್ಯಮ ಸಂಶೋಧಕ ಡ್ಯಾನಿಯಲ್ ರಿಫ್ ಮತ್ತು ಜೊತೆಗಾರರು 1993ರಲ್ಲೇ ಒಂದು ದಿನಪತ್ರಿಕೆಯ ಆರು ತಿಂಗಳ ಸಂಚಿಕೆಗಳಲ್ಲಿ ಇದನ್ನು ಪರೀಕ್ಷಿಸಿ, ಒಂದು ವರ್ಷಕ್ಕೆ ಹೀಗೆ ಚೀಟಿ ಎತ್ತಿ ಕೂಡಿಸಿದ ಎರಡು ವಾರ ಸಾಕು ಎಂದಿದ್ದಾರೆ ಅಂದೆ. ಏಳು ಡಬ್ಬಿಯನ್ನೂ ಮೇಜಿನ ಮೇಲಿಟ್ಟೆ. ಪರೀಕ್ಷಕರು ಒಂದು ಡಬ್ಬಿ ತೆರೆದು ಚೀಟಿಗಳನ್ನು ಒಂದೊಂದಾಗಿ ಎಣಿಸಿದರು. ಐವತ್ಮೂರು ಇದ್ದವು.